ಮಿಡ್-ಎಂಜಿನ್ ಸ್ಪೋರ್ಟ್ಸ್ ಕಾರು, ಎಸಿ ಗ್ಯಾಸ್ ಐದೇ ವಾರಕ್ಕೆ ಖಾಲಿ. ಲೀಕ್ ಹುಡುಕೋದು ಎಲ್ಲಿಂದ?

ಎರಡುಸೀಟು

ಕಾರು ಮಿಡ್-ಎಂಜಿನ್ (ಎಂಜಿನ್ ಸೀಟಿನ ಹಿಂದೆ), ಎರಡು ಸೀಟು, 14 ವರ್ಷ ಹಳೆಯದು. ಗ್ಯಾಸ್ ಆರ್134ಎ, ಸ್ಟಿಕರ್‌ನಲ್ಲಿ 860 ಗ್ರಾಂ ಅಂತಿದೆ. ಗ್ಯಾಸ್ ಒತ್ತುವ ಕಂಪ್ರೆಸರ್ ಹಿಂದುಗಡೆ ಎಂಜಿನ್‌ಗೆ ಅಂಟಿಕೊಂಡಿದೆ. ಬಿಸಿ ಗ್ಯಾಸನ್ನು ತಣಿಸುವ ಕಂಡೆನ್ಸರ್ ಎರಡು, ಮುಂದಿನ ಬಂಪರ್‌ನ ಎಡ-ಬಲ ಬಾಯಿಗಳೊಳಗೆ, ರೇಡಿಯೇಟರ್‌ಗಳ ಮುಂದೆ. ಕಂಪ್ರೆಸರ್ ಮತ್ತು ಕಂಡೆನ್ಸರ್‌ಗಳ ನಡುವೆ ಕಾರಿನ ಹೊಟ್ಟೆಯಡಿ ಉದ್ದಕ್ಕೂ ಅಲ್ಯೂಮಿನಿಯಂ ಪೈಪು.

ವ್ಯಾಕ್ಯೂಮ್ ಮಾಡಿ ಗ್ಯಾಸ್ ತುಂಬಿಸಿದರೆ ಮೂರು ವಾರ ಚೆನ್ನಾಗಿ ತಣ್ಣಗಿರುತ್ತೆ, ಐದನೇ ವಾರಕ್ಕೆ ಬರೀ ಗಾಳಿ. ಎರಡು ಸಲ ಹೀಗೇ ಆಯ್ತು. ಎರಡೂ ಸಲ ಗ್ಯಾರೇಜಿನವರು ಅರ್ಧ ಗಂಟೆ ವ್ಯಾಕ್ಯೂಮ್ ಹಿಡಿದು ನೋಡಿ, ಮುಳ್ಳು ಅಲ್ಲಾಡಲಿಲ್ಲ, ಲೀಕ್ ಇಲ್ಲ ಅಂದರು. ಇವತ್ತು ಬೆಳಿಗ್ಗೆ, ರಾತ್ರಿಯಿಡೀ ನಿಂತಿದ್ದ ಕಾರಿಗೆ ಗೇಜ್ ಹಾಕಿದೆ. 28 ಡಿಗ್ರಿಯಲ್ಲಿ ಎರಡೂ ಕಡೆ 90 ಪಿಎಸ್‌ಐ. ಗ್ಯಾಸಿನ ತಾಪಮಾನ-ಒತ್ತಡದ ಚಾರ್ಟ್‌ನಲ್ಲೂ ಅಷ್ಟೇ ಇದೆ. ಅಂದರೆ ಗ್ಯಾಸ್ ಸರಿಯಾಗಿದೆ ಅಂತಲ್ವಾ? ಹಾಗಾದರೆ ತಣ್ಣಗಾಗ್ತಿಲ್ಲ ಯಾಕೆ?

ಈಗ ಡ್ಯಾಶ್‌ಬೋರ್ಡ್ ಬಿಚ್ಚಿ ಇವಾಪೊರೇಟರ್ (ಒಳಗಿನ ಗಾಳಿ ತಣ್ಣಗೆ ಮಾಡುವ ಭಾಗ) ಬದಲಿಸೋಣ ಅಂತಿದ್ದಾರೆ. ಅದಕ್ಕೆ ಮುಂಚೆ ಏನೇನು ನೋಡಬೇಕು? ತೂತು ಮುಚ್ಚುವ ಲೀಕ್-ಸ್ಟಾಪ್ ಡಬ್ಬಿ ಹಾಕಿದರೆ ಹೇಗೆ? ಇನ್ನೊಂದು ವಿಷಯ, ಉಪಯೋಗಕ್ಕೆ ಬರುತ್ತೋ ಇಲ್ಲವೋ: ಆರು ತಿಂಗಳ ಹಿಂದೆ ಕ್ಲಚ್ ಕೆಲಸಕ್ಕೆ ಎಂಜಿನ್ನನ್ನೇ ಕೆಳಗಿಳಿಸಿದ್ದರು. ಕಂಪ್ರೆಸರ್ ಬಿಚ್ಚಿ ಪಕ್ಕಕ್ಕಿಟ್ಟಿದ್ದು, ಎಸಿ ಪೈಪ್ ಯಾವುದೂ ತೆಗೆದಿಲ್ಲ.

ತೂಕದಮಾತು

ಆ 90 ಪಿಎಸ್‌ಐ ನೋಡಿ ಮೋಸಹೋಗಬೇಡಿ. ನಿಂತ ಕಾರಿನ ಗೇಜ್ ಗ್ಯಾಸ್ ಎಷ್ಟಿದೆ ಅಂತ ಹೇಳೋದಿಲ್ಲ, ಹೊರಗೆ ಸೆಕೆ ಎಷ್ಟಿದೆ ಅಂತ ಹೇಳುತ್ತೆ. ಒಳಗೆ ಒಂದಿಷ್ಟು ದ್ರವ ಉಳಿದಿರುವ ತನಕ ಒತ್ತಡ ನಿರ್ಧಾರ ಆಗೋದು ತಾಪಮಾನದಿಂದ ಮಾತ್ರ: ಆರ್134ಎಗೆ 20 ಡಿಗ್ರಿಯಲ್ಲಿ ಸುಮಾರು 68 ಪಿಎಸ್‌ಐ, 25ರಲ್ಲಿ 82, 30ರಲ್ಲಿ 97, 35ರಲ್ಲಿ 114. ಅಡುಗೆ ಸಿಲಿಂಡರ್ ಇದ್ದ ಹಾಗೆ. ಮುಕ್ಕಾಲು ಖಾಲಿಯಾದರೂ ಒಲೆ ಮೊದಲಿನಂತೆಯೇ ಉರಿಯುತ್ತೆ, ಎತ್ತಿ ನೋಡಿದಾಗಲೇ ಗುಟ್ಟು ರಟ್ಟು. ನಿಮ್ಮ 28 ಡಿಗ್ರಿಯಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಆವಿ ತುಂಬಿದರೆ ಸಾಕು, ಗೇಜ್ ಚಾರ್ಟ್‌ನ ಅಂಕಿಯನ್ನೇ ತೋರಿಸುತ್ತೆ. ಇಡೀ ಸಿಸ್ಟಮ್‌ನ ಒಳಜಾಗ ಇರೋದೇ ಕೆಲವು ಲೀಟರ್. ಹಾಗಾಗಿ ಬಹುಪಾಲು ಗ್ಯಾಸ್ ಹೋಗುವವರೆಗೂ ಮುಳ್ಳು ಬಾಯಿ ಬಿಡಲ್ಲ. ಚಾರ್ಟ್‌ಗಿಂತ ಕಮ್ಮಿ ತೋರಿಸಿದರೆ ದ್ರವವೇ ಉಳಿದಿಲ್ಲ ಅಂತರ್ಥ. ಚಾರ್ಟ್‌ಗಿಂತ ಜಾಸ್ತಿ ತೋರಿಸಿದರೆ ಒಳಗೆ ಗಾಳಿ ಸೇರಿದೆ ಅಂತ. ಈ ಗೇಜಿನಿಂದ ಸಿಗುವ ಮಾಹಿತಿ ಇಷ್ಟೇ.

ವ್ಯಾಕ್ಯೂಮ್ ಪರೀಕ್ಷೆಯ ಕತೆಯೂ ಹಾಗೇ. ವ್ಯಾಕ್ಯೂಮ್‌ನಲ್ಲಿ ಹೊರಗಿನ ಗಾಳಿ ಒಂದು ಬಾರ್‌ನಲ್ಲಿ (ಸುಮಾರು 14.5 ಪಿಎಸ್‌ಐ) ಒಳಕ್ಕೆ ಒತ್ತುತ್ತೆ. ಎಸಿ ಓಡುವಾಗ ಹೈ-ಸೈಡ್‌ನಲ್ಲಿ (ಕಂಪ್ರೆಸರ್ ಗ್ಯಾಸ್ ಒತ್ತಿ ಕಳಿಸುವ ಕಡೆ) 15 ಬಾರ್ ಆಸುಪಾಸು ಒಳಗಿನಿಂದ ಹೊರಕ್ಕೆ ಒತ್ತುತ್ತೆ. ಸೀಳಿದ ಓ-ರಿಂಗ್ (ಜಾಯಿಂಟ್‌ನ ರಬ್ಬರ್ ಉಂಗುರ) ವ್ಯಾಕ್ಯೂಮ್‌ನಲ್ಲಿ ಜಾಗಕ್ಕೆ ಎಳೆದುಕೊಂಡು ಗಪ್ಪನೆ ಕೂರುತ್ತೆ, ಒತ್ತಡ ಬಂದಾಗ ಬಾಯಿ ತೆರೆಯುತ್ತೆ. ವ್ಯಾಕ್ಯೂಮ್ ಇರೋದು ಒಳಗಿನ ನೀರಿನಂಶವನ್ನು ಕುದಿಸಿ ಹೊರಗೆಳೆಯೋಕೆ. ಮುಳ್ಳು ಏರಿದರೆ ಲೀಕ್ ಖಂಡಿತ. ಏರದಿದ್ದರೆ ಲೀಕ್ ಇಲ್ಲ ಅನ್ನೋಕಾಗಲ್ಲ.

ಮೊದಲ ಕೆಲಸ ತೂಕ. ಎಂಜಿನ್ 10 ನಿಮಿಷ ಓಡಿಸಿ ಬೆಚ್ಚಗೆ ಮಾಡಿ, ಆಮೇಲೆ ಗ್ಯಾಸ್ ಹೀರಿ ತೂಗುವ ರಿಕವರಿ ಯಂತ್ರದಲ್ಲಿ ತೆಗೆಸಿ. ತೆಗೆದ ಮೇಲೆ 10 ನಿಮಿಷ ಸುಮ್ಮನೆ ಬಿಡಿ. ಎಣ್ಣೆಯಲ್ಲಿ ಕರಗಿದ್ದ ಗ್ಯಾಸ್ ಹೊರಬಂದು ಒತ್ತಡ ಮತ್ತೆ ಏರುತ್ತೆ, ಅದನ್ನೂ ತೆಗೆಯಬೇಕು. ಯಂತ್ರದ ಬಾಟಲಿಗೆ ಬಂದ ಎಣ್ಣೆ ಎಷ್ಟು ಮಿ.ಲೀ. ಅಂತ ಬರೆದಿಟ್ಟುಕೊಳ್ಳಿ, ಅಷ್ಟೇ ಹೊಸ ಎಣ್ಣೆ ವಾಪಸ್ ಹೋಗಬೇಕು. ಯಂತ್ರದ ಲೆಕ್ಕದಲ್ಲಿ 30 ಗ್ರಾಂ ಹಿಂದೆಮುಂದೆ ಆಗಬಹುದು ಅಂತಲೂ ನೆನಪಿರಲಿ. 860ರಲ್ಲಿ ಉಳಿದದ್ದನ್ನು ಕಳೆದು ದಿನಗಳಿಂದ ಭಾಗಿಸಿದರೆ ದಿನಕ್ಕೆ ಎಷ್ಟು ಗ್ರಾಂ ಹೋಗ್ತಿದೆ ಅಂತ ಸಿಗುತ್ತೆ. ಆ ಒಂದು ಅಂಕಿ ಇಲ್ಲದೆ ಡ್ಯಾಶ್‌ಬೋರ್ಡ್‌ಗೆ ಸ್ಪ್ಯಾನರ್ ಹಚ್ಚಲು ಬಿಡಬೇಡಿ.

ನನ್ನ ಲೆಕ್ಕಾಚಾರ ಒರಟಾಗಿ ಹೀಗೆ: ಗಂಟೆಗಳಲ್ಲಿ ಖಾಲಿಯಾದರೆ ಪೈಪ್ ಒಡೆದಿದೆ ಅಥವಾ ರಿಲೀಫ್ ವಾಲ್ವ್ (ಒತ್ತಡ ಮಿತಿಮೀರಿದರೆ ತೆರೆಯುವುದು) ಉಗುಳಿದೆ. ವಾರಗಳಲ್ಲಿ ಆದರೆ ಕಂಡೆನ್ಸರ್‌ನಲ್ಲಿ ಸೂಜಿತೂತು, ಹೋಸ್‌ನ ಕ್ರಿಂಪ್ (ಹೋಸ್ ಮತ್ತು ಪೈಪನ್ನು ಅಮುಕಿ ಸೇರಿಸಿದ ಜಾಗ), ಇಲ್ಲವೇ ಸರ್ವಿಸ್ ಪೋರ್ಟ್ (ಗ್ಯಾಸ್ ತುಂಬುವ ಬಾಯಿ). ಒಂದೆರಡು ಬೇಸಿಗೆ ತಡೆದುಕೊಂಡರೆ ಕಂಪ್ರೆಸರ್‌ನ ಶಾಫ್ಟ್ ಸೀಲ್, ಓ-ರಿಂಗ್. ನಿಮ್ಮದು ಎರಡನೇ ಗುಂಪಿನಲ್ಲಿದೆ, ಮತ್ತು ನೀವು ಕೊನೆಯಲ್ಲಿ ಹೇಳಿದ ಕ್ಲಚ್ ಕೆಲಸ ಖಂಡಿತ ಉಪಯೋಗಕ್ಕೆ ಬರುತ್ತೆ. ಬಿಚ್ಚಿದ ಕಂಪ್ರೆಸರ್ ಐದಾರು ಕಿಲೋ ತೂಗುತ್ತೆ. ಅದನ್ನು ಬೆಲ್ಟ್ ಹಾಕಿ ಕಾರಿನ ಮೈಗೆ ಕಟ್ಟದೆ ಅದರ ಹೋಸ್‌ಗಳ ಮೇಲೇ ನೇತುಬಿಟ್ಟರೆ, ರಬ್ಬರ್ ಮತ್ತು ಅಲ್ಯೂಮಿನಿಯಂ ಸೇರುವ ಕ್ರಿಂಪ್ ಕಾಲರ್ ಸಡಿಲವಾಗುತ್ತೆ. ಪೈಪ್ ತೆಗೆದಿಲ್ಲ ಅಂದ ಮಾತ್ರಕ್ಕೆ ಪೈಪ್‌ಗೆ ಪೆಟ್ಟು ಬಿದ್ದಿಲ್ಲ ಅಂತಲ್ಲ.

ಲೀಕ್-ಸ್ಟಾಪ್ ಬೇಡವೇ ಬೇಡ. ಹಲವು ಬಗೆಯವು ತೇವ ತಾಗಿದ ಕಡೆ ಗಟ್ಟಿಯಾಗುತ್ತವೆ, ಆ ತೇವ ಲೀಕ್ ಬಾಯಲ್ಲೇ ಇರಬೇಕು ಅಂತೇನಿಲ್ಲ. ಇವಾಪೊರೇಟರ್‌ಗೆ ದ್ರವ ಬಿಡುವ ಎಕ್ಸ್‌ಪ್ಯಾನ್ಷನ್ ವಾಲ್ವ್‌ನ ಸಣ್ಣ ರಂಧ್ರದಲ್ಲೂ, ರಿಕವರಿ ಯಂತ್ರದ ಒಳಗೂ ಅಂಟಾಗಿ ಕೂರಬಹುದು. ಅದಕ್ಕೇ ಸೀಲಂಟ್ ಇದೆಯಾ ಅಂತ ಪರೀಕ್ಷೆ ಮಾಡಿ, ಇದ್ದರೆ ಕಾರನ್ನು ಮುಟ್ಟದೆ ವಾಪಸ್ ಕಳಿಸುವ ವರ್ಕ್‌ಶಾಪ್‌ಗಳಿವೆ.

ಎಣ್ಣೆಕಲೆ

ಮೇಲಿನವರು ಲೆಕ್ಕ ಹೇಳಿದ್ದಾರೆ, ನಾನು ಹುಡುಕೋ ಕೆಲಸ ಹೇಳ್ತೀನಿ. ಗ್ಯಾಸ್ ಕಣ್ಣಿಗೆ ಕಾಣಲ್ಲ, ಆದರೆ ಒಂಟಿಯಾಗಿ ಹೊರಡೋದೂ ಇಲ್ಲ, ಜೊತೆಗೆ ಎಣ್ಣೆ ಕರ್ಕೊಂಡೇ ಹೋಗುತ್ತೆ. ಆ ಎಣ್ಣೆಗೆ ಧೂಳು ಅಂಟಿ ಒದ್ದೆ ಕಪ್ಪು ಕಲೆ ಆಗಿರುತ್ತೆ. ಯಾವ ಯಂತ್ರನೂ ತರೋ ಮುಂಚೆ ಟಾರ್ಚ್ ಹಿಡಿದು ಅರ್ಧ ಗಂಟೆ ಬರೀ ಕಲೆ ಹುಡುಕಿ.

ಮೊದಲು ಸರ್ವಿಸ್ ಪೋರ್ಟ್. ಲೋ-ಸೈಡ್ 13 ಮಿ.ಮೀ., ಹೈ-ಸೈಡ್ 16 ಮಿ.ಮೀ. ಕ್ಯಾಪ್ ತೆಗೆದು ಬಾಯೊಳಗೆ ಸೋಪ್ ನೀರು ಎರಡು ಹನಿ ಬಿಟ್ಟು ಎರಡು ನಿಮಿಷ ಕಾಯಿರಿ. ಲೀಕ್ ಇದ್ರೆ ನೀರು ಗುಮ್ಮಟದ ಹಾಗೆ ನಿಧಾನಕ್ಕೆ ಉಬ್ಬುತ್ತೆ. ಇದನ್ನ ಗೇಜ್ ಹಾಕೋ ಮುಂಚೆಯೇ ಮಾಡಬೇಕು. ಗೇಜಿನ ಕಪ್ಲರ್ ಒಂದು ಸಲ ಒತ್ತಿದ್ರೆ ವಾಲ್ವ್ ಪಿನ್ ಅಲ್ಲಾಡಿ, ಸೋರ್ತಿದ್ದದ್ದು ನಿಲ್ಲಬಹುದು, ನಿಂತದ್ದು ಸೋರಬಹುದು. ನೀವು ಈಗಾಗಲೇ ಗೇಜ್ ಹಾಕಿಬಿಟ್ಟಿದ್ದೀರಿ, ಪರವಾಗಿಲ್ಲ, ಮುಂದಿನ ಸಲಕ್ಕೆ. ಅಂದ ಹಾಗೆ ಆ ಪ್ಲಾಸ್ಟಿಕ್ ಕ್ಯಾಪ್ ಬರೀ ಧೂಳಿಗೆ ಅಲ್ಲ, ನಿಜವಾದ ಸೀಲ್ ಅದೇ. ಒಳಗೆ ಪುಟ್ಟ ಓ-ರಿಂಗ್ ಇರುತ್ತೆ. ಕ್ಯಾಪ್ ಕಳೆದುಹೋದ ಕಾರುಗಳಲ್ಲಿ ಬೇರೆಲ್ಲೂ ಹುಡುಕೋ ಅಗತ್ಯನೇ ಎಷ್ಟೋ ಸಲ ಇರಲ್ಲ.

ಆಮೇಲೆ ಸ್ನಿಫರ್, ಅಂದ್ರೆ ಗ್ಯಾಸ್ ಮೂಸೋ ಯಂತ್ರ. ಎಂಜಿನ್ ಆಫ್. ಸಿಸ್ಟಮ್‌ನಲ್ಲಿ ಕನಿಷ್ಠ 50 ಪಿಎಸ್‌ಐ ಇರಬೇಕು, ಅಷ್ಟು ಒತ್ತಡ ಬಾರದಷ್ಟು ತಣ್ಣನೆ ದಿನ ಹುಡುಕಿ ಉಪಯೋಗ ಇಲ್ಲ. ಕೊಳೆ ಇದ್ರೆ ಒಣ ಬಟ್ಟೇಲಿ ಒರೆಸಿ. ಬ್ರೇಕ್ ಕ್ಲೀನರ್, ಪೆಟ್ರೋಲ್ ಹತ್ತಿರ ತರಬೇಡಿ, ಅವುಗಳ ಆವಿಗೂ ಸ್ನಿಫರ್ ಕೂಗಬಹುದು. ಗ್ಯಾಸ್ ಗಾಳಿಗಿಂತ ಭಾರ, ಹಾಗಾಗಿ ಪ್ರತಿ ಜಾಯಿಂಟ್‌ನ ಕೆಳಮೈಯಲ್ಲಿ ನೋಡಬೇಕು. ಪ್ರೋಬ್ ತುದಿ ಪೈಪಿಂದ 5 ಮಿ.ಮೀ. ಒಳಗಿರಲಿ, ವೇಗ ಸೆಕೆಂಡಿಗೆ 25ರಿಂದ 50 ಮಿ.ಮೀ. ಅಷ್ಟೇ. ಜನ ಸೋಲೋದು ಇಲ್ಲೇ: ಪೊರಕೆ ಆಡಿಸಿದ ಹಾಗೆ ಆಡಿಸ್ತಾರೆ. ಕೂಗಿದ ಜಾಗಕ್ಕೆ ಗಾಳಿ ಊದಿ ಚದುರಿಸಿ, ಮತ್ತೆ ನೋಡಿ. ಮೂರು ಸಲ ಅದೇ ಜಾಗದಲ್ಲಿ ಕೂಗಿದ್ರೆ ನಂಬಿ. ಮಿಡ್-ಎಂಜಿನ್ ಕಾರಲ್ಲಿ ಎಂಜಿನ್ ಬೇ ಪೂರ್ತಿ ತಣ್ಣಗಾದ ಮೇಲೇ ಹಿಂದಿನ ಭಾಗ ನೋಡಿ, ಬಿಸಿ ಇದ್ದಾಗ ಒಳಗಿನ ಗಾಳಿ ಮೇಲಕ್ಕೆ ಸುಳಿದು ಎಲ್ಲಿಂದ ಎಲ್ಲಿಗೋ ವಾಸನೆ ಒಯ್ಯುತ್ತೆ.

ಕ್ರಿಂಪ್‌ಗೆ ಬೇರೆ ಕ್ರಮ. ಒಂದು ಕೈಲಿ ಪ್ರೋಬ್ ಕಾಲರ್ ಕೆಳಗೆ ಹಿಡಿದು, ಇನ್ನೊಂದು ಕೈಲಿ ಹೋಸನ್ನ ಮೆಲ್ಲಗೆ ನಾಲ್ಕೂ ಕಡೆ ಬಗ್ಗಿಸಿ. ಎಂಜಿನ್ ಅದುರುವಾಗ ಮಾತ್ರ ಬಾಯಿ ಬಿಡೋ ಕ್ರಿಂಪ್‌ಗಳು ಸುಮ್ಮನಿದ್ದಾಗ ಪರಮ ಸಾಧು.

ಇವಾಪೊರೇಟರ್‌ಗೆ ಡ್ಯಾಶ್‌ಬೋರ್ಡ್ ಬಿಚ್ಚೋದೇನೂ ಬೇಡ. ಬ್ಲೋಯರ್ ಜೋರಾಗಿ 15 ಸೆಕೆಂಡ್ ಓಡಿಸಿ ಒಳಗಿನ ಹಳೇ ಗಾಳಿ ಹೊರಗೆ ಹಾಕಿ, ಆಫ್ ಮಾಡಿ, 10-15 ನಿಮಿಷ ಬಿಡಿ. ಆಮೇಲೆ ನೀರು ಹೋಗೋ ಡ್ರೈನ್ ಬಾಯಲ್ಲಿ ಅಥವಾ ಬ್ಲೋಯರ್ ರೆಸಿಸ್ಟರ್ (ಫ್ಯಾನ್ ವೇಗ ಇಳಿಸೋ ಭಾಗ) ತೆಗೆದ ತೂತಲ್ಲಿ ಪ್ರೋಬ್ ಇಡಿ. ಡ್ರೈನ್‌ನಲ್ಲಿ ನೀರಿದ್ರೆ ಪ್ರೋಬ್ ಹಾಕಬೇಡಿ, ನೀರು ಹೀರಿದ್ರೆ ಸ್ನಿಫರ್ ಕತೆ ಮುಗೀತು. ಇಲ್ಲಿ ಕೂಗಿದ್ರೂ ಇವಾಪೊರೇಟರೇ ಅಂತ ತೀರ್ಮಾನ ಮಾಡೋ ಮುಂಚೆ ಫೈರ್‌ವಾಲ್ (ಡ್ಯಾಶ್‌ಬೋರ್ಡ್ ಮುಂದಿನ ಲೋಹದ ಗೋಡೆ) ಹತ್ತಿರ ಎಕ್ಸ್‌ಪ್ಯಾನ್ಷನ್ ವಾಲ್ವ್‌ನ ಓ-ರಿಂಗ್‌ಗಳನ್ನ ನೋಡಿ. ಅಲ್ಲಿ ಸೋರಿದ್ದೂ ಕೇಸ್ ಒಳಗೆ ಇಳಿಯಬಹುದು.

ಯುವಿ ಡೈ (ಯುವಿ ಬೆಳಕಲ್ಲಿ ಹೊಳೆಯೋ ಬಣ್ಣ) ಬೇಕಾದರೆ ಹಾಕಿ, ಆದರೆ 7 ಮಿ.ಲೀ. ಸಾಕು. ಜಾಸ್ತಿ ಹಾಕಿದ್ರೆ ಜಾಸ್ತಿ ಹೊಳೆಯಲ್ಲ, ಎಣ್ಣೆ ತೆಳ್ಳಗಾಗುತ್ತೆ. ನಿಮ್ಮ ಕಾರಲ್ಲಿ ಒಂದು ಎಡವಟ್ಟು ಗ್ಯಾರಂಟಿ: ಕಂಡೆನ್ಸರ್ ಹಿಂದೆಯೇ ರೇಡಿಯೇಟರ್ ಇದೆ, ಎಷ್ಟೋ ಕೂಲಂಟ್‌ಗಳೂ ಯುವಿ ಬೆಳಕಲ್ಲಿ ಹಸಿರಾಗಿ ಹೊಳೀತವೆ. ಹೊಳೆದದ್ದನ್ನ ಬೆರಳಿಗೆ ಹಚ್ಚಿ ನೋಡಿ. ನೀರಲ್ಲಿ ತೊಳೆದ್ರೆ ಹೋಗೋದು ಕೂಲಂಟ್, ಜಿಡ್ಡಾಗಿ ಉಳಿಯೋದು ಎಸಿ ಎಣ್ಣೆ.

ಬಿಸಿಗಾಳಿ

ಒಂದು ಸೇರಿಸುತ್ತೇನೆ. ಎಲ್ಲೂ ಲೀಕ್ ಸಿಗದಿದ್ದರೆ ಫ್ಯಾನ್ ನೋಡಿ. ಕಂಡೆನ್ಸರ್ ಮುಂದೆ ಎಲೆ ತುಂಬಿ, ಮೇಲಿಂದ ಫ್ಯಾನ್‌ನ ರೆಸಿಸ್ಟರ್ ಸುಟ್ಟು ನಿಧಾನಗತಿ ಕೆಲಸ ಮಾಡದಿದ್ದರೆ, ನಿಂತ ಟ್ರಾಫಿಕ್‌ನಲ್ಲಿ ಹೈ-ಸೈಡ್ ಒತ್ತಡ ಸರ್ರನೆ ಏರುತ್ತದೆ. ಪ್ರೆಷರ್ ಸೆನ್ಸರ್ ಕಂಪ್ರೆಸರನ್ನು ನಿಲ್ಲಿಸಬೇಕು. ಅದು ತಪ್ಪಿದರೆ ಕಂಪ್ರೆಸರ್ ಮೈಮೇಲಿನ ರಿಲೀಫ್ ವಾಲ್ವ್ 35-40 ಬಾರ್‌ನಲ್ಲಿ ತೆರೆದು ಗ್ಯಾಸ್ ಉಗುಳಿ ಮತ್ತೆ ಮುಚ್ಚಿಕೊಳ್ಳುತ್ತದೆ. ಆಮೇಲೆ ಸ್ನಿಫರ್, ಡೈ, ನೈಟ್ರೋಜನ್ ಒತ್ತಡದ ಪರೀಕ್ಷೆ ಎಲ್ಲದರಲ್ಲೂ ಸಿಸ್ಟಮ್ ಪಾಸು. ಗುರುತು ಒಂದೇ: ವಾಲ್ವ್ ಸುತ್ತ ಎಣ್ಣೆ ಚಿಮ್ಮಿದ ಕಲೆ. ಈ ಬಗೆಯ ಕಾರುಗಳಲ್ಲಿ ಎಡಕ್ಕೊಂದು ಬಲಕ್ಕೊಂದು ಫ್ಯಾನ್ ಇರುವುದರಿಂದ ಒಂದು ಸತ್ತರೂ ಇನ್ನೊಂದರ ಸದ್ದಿಗೆ ಗೊತ್ತಾಗುವುದಿಲ್ಲ. ಎಸಿ ಆನ್ ಮಾಡಿ, ಎರಡೂ ಬಾಯಿಯ ಮುಂದೆ ಒಂದೊಂದು ತೆಳು ಕಾಗದ ಹಿಡಿಯಿರಿ. ಎರಡೂ ಕಡೆ ಕಾಗದ ಒಳಕ್ಕೆಳೆದುಕೊಳ್ಳಬೇಕು.

ಎರಡುಸೀಟು

ಎಲ್ಲರಿಗೂ ಥ್ಯಾಂಕ್ಸ್. ಹೇಳಿದ ಕ್ರಮದಲ್ಲೇ ಮಾಡಿದ್ದು:

ತುಂಬಿಸಿ 38 ದಿನ ಆಗಿತ್ತು, ಸಿಕ್ಕಿದ್ದು 540 ಗ್ರಾಂ. ಅಂದರೆ 320 ಗ್ರಾಂ ಹೋಗಿದೆ. ಎಣ್ಣೆ 8 ಮಿ.ಲೀ. ಬಂತು. ಮತ್ತೆ 860ಕ್ಕೆ ತುಂಬಿ ಸ್ನಿಫರ್ ಹಿಡಿದೆ. ಪೋರ್ಟ್ ಎರಡೂ ಸುಮ್ಮನಿವೆ. ಡ್ರೈನ್‌ನಲ್ಲಿ ಮೂರು ಸಲ ನೋಡಿದರೂ ಸದ್ದಿಲ್ಲ. ಫ್ಯಾನ್ ಎರಡೂ ಕಾಗದ ಎಳೆದವು. ಬಂಪರ್ ತೆಗೆದರೆ ಎಡ ಕಂಡೆನ್ಸರ್ ಮತ್ತು ರೇಡಿಯೇಟರ್ ನಡುವೆ ಒಂದು ಹಿಡಿ ಕೊಳೆತ ಎಲೆ, ಒದ್ದೆ ಗೊಬ್ಬರದ ಹಾಗೆ. ಕೆಳಗಿನ ಹೊರಮೂಲೆಯಲ್ಲಿ ಫಿನ್‌ಗಳು ಮುಟ್ಟಿದರೆ ಬಿಳಿ ಪುಡಿಯಾಗಿ ಉದುರುತ್ತಿವೆ, ಸ್ನಿಫರ್ ಅಲ್ಲಿ ಬೊಬ್ಬೆ ಹಾಕುತ್ತೆ. ಅಷ್ಟಕ್ಕೇ ನಿಲ್ಲಿಸೋಣ ಅಂದುಕೊಂಡೆ, ಆದರೂ ಹಿಂದೆ ಹೋಗಿ ಹೋಸ್ ಬಗ್ಗಿಸಿ ನೋಡಿದರೆ ಕಂಪ್ರೆಸರ್‌ನ ಸಕ್ಷನ್ (ಲೋ-ಸೈಡ್) ಹೋಸ್ ಕ್ರಿಂಪೂ ಕೂಗಿತು. ಬಗ್ಗಿಸಿದಾಗ ಮಾತ್ರ.

ಇನ್ನು ರಿಪೇರಿ. ಕಂಡೆನ್ಸರ್ ಎರಡೂ ಬದಲಿಸಬೇಕಾ? ಪೈಪ್ ನಟ್‌ಗಳು ಹಿಡಿದುಕೊಂಡಿವೆ, ಬಿಚ್ಚೋಕೆ ಭಯ ಆಗ್ತಿದೆ.

ತೂಕದಮಾತು

320 ಗ್ರಾಂ, 38 ದಿನ. ದಿನಕ್ಕೆ ಸುಮಾರು 8.4 ಗ್ರಾಂ, ಇದೇ ವೇಗದಲ್ಲಿ ವರ್ಷಕ್ಕೆ 3 ಕಿಲೋ. ಸ್ನಿಫರ್‌ಗಳಿಗೆ ವರ್ಷಕ್ಕೆ 4, 7, 14 ಗ್ರಾಂ ಅಂತ ಸೂಕ್ಷ್ಮತೆಯ ಹಂತಗಳಿರುತ್ತವೆ. ಅದರ ಮುಂದೆ ಇದು ನಲ್ಲಿ ತೆರೆದಿಟ್ಟ ಹಾಗೆ, ಬೊಬ್ಬೆ ಹಾಕದೆ ಇನ್ನೇನು. ಡ್ಯಾಶ್‌ಬೋರ್ಡ್ ಉಳಿಯಿತು. ಮೊದಲ ಲೀಕ್ ಸಿಕ್ಕ ಕೂಡಲೇ ನಿಲ್ಲಿಸದೆ ಹಿಂದಕ್ಕೂ ಹೋದಿರಲ್ಲ, ಅದೇ ಒಳ್ಳೇದಾಯ್ತು. ಕಂಡೆನ್ಸರ್ ಮಾತ್ರ ಹಾಕಿ ಮುಚ್ಚಿದ್ದರೆ ಇನ್ನೊಂದು ತಿಂಗಳಿಗೆ ಇದೇ ಪ್ರಶ್ನೆ ಮತ್ತೆ ಬರುತ್ತಿತ್ತು.

ಬಲದ್ದನ್ನೂ ಹೊರತೆಗೆದು ಹಿಂಭಾಗ ನೋಡಿ. ಎರಡೂ ಒಂದೇ ವಯಸ್ಸು, ಒಂದೇ ಮಳೆ. ಬಿಳಿ ಪುಡಿ ಕಂಡರೆ ಎರಡೂ ಬದಲಿಸಿ, ಯಾಕಂದರೆ ಅರ್ಧ ಕೆಲಸ ಹೇಗಿದ್ದರೂ ಬಂಪರ್ ತೆಗೆಯೋದು ಮತ್ತು ಗ್ಯಾಸ್ ತುಂಬೋದರಲ್ಲೇ ಇದೆ.

ನಟ್ ವಿಚಾರದಲ್ಲಿ ನಿಮ್ಮ ಭಯ ಸರಿಯಾದದ್ದೇ. ಪೈಪೂ ಅಲ್ಯೂಮಿನಿಯಂ, ನಟ್ಟೂ ಅಲ್ಯೂಮಿನಿಯಂ, ನಡುವೆ ಬಿಳಿ ತುಕ್ಕು. ನಟ್ ತಿರುಗಿಸಿದರೆ ಪೈಪ್ ಅದರ ಜೊತೆಗೇ ತಿರುಚಿಕೊಂಡು ಒದ್ದೆ ಬಟ್ಟೆ ಹಿಂಡಿದ ಹಾಗಾಗುತ್ತೆ, ಆ ಪೈಪ್ ಕಾರಿನ ಹಿಂದಿನವರೆಗೆ ಒಂದೇ ತುಂಡಾಗಿರಬಹುದು. ಹಿಂದಿನ ದಿನವೇ ಪೆನೆಟ್ರೇಟಿಂಗ್ ಎಣ್ಣೆ ಬಿಡಿ, ಸಂಜೆ ಇನ್ನೊಮ್ಮೆ. ಗ್ಯಾಸ್ ಪೂರ್ತಿ ತೆಗೆದ ಮೇಲೆ ಎರಡು ಸ್ಪ್ಯಾನರ್: ಒಂದು ಫಿಟ್ಟಿಂಗ್ ಹಿಡಿದುಕೊಳ್ಳೋಕೆ, ಇನ್ನೊಂದು ನಟ್‌ಗೆ. ಮೊದಲು ಬಿಗಿ ಮಾಡುವ ದಿಕ್ಕಿಗೆ ಕೂದಲೆಳೆಯಷ್ಟು, ಆಮೇಲೆ ಸಡಿಲ, ಹೀಗೆ ಹಿಂದಕ್ಕೂ ಮುಂದಕ್ಕೂ. ಕಂಡೆನ್ಸರ್ ಹೇಗೂ ಗುಜರಿಗೆ ಹೋಗೋದು, ಬೇಕಾದರೆ ಅದರ ಕಡೆಯ ಫಿಟ್ಟಿಂಗ್ ಗರಗಸದಲ್ಲಿ ಕೊಯ್ದು ತೆಗೆದರೂ ಆಯ್ತು, ಪೈಪ್ ಉಳಿಸಿಕೊಳ್ಳಿ. ಬೆಂಕಿ ಹಿಡಿಯಬೇಡಿ. ಆರ್134ಎ ಆವಿ ಜ್ವಾಲೆಗೆ ತಾಗಿದರೆ ಹೈಡ್ರೋಜನ್ ಫ್ಲೋರೈಡ್ ಹುಟ್ಟುತ್ತೆ, ಶ್ವಾಸಕೋಶ ಸುಡುವ ವಿಷ ಅದು. ಅಷ್ಟಾಗಿಯೂ ಪೈಪ್ ತಿರುಚಿದರೆ, ಹಾಳಾದ ತುಂಡು ಕತ್ತರಿಸಿ ಲಾಕ್‌ರಿಂಗ್ ಮಾದರಿಯ ಒತ್ತುಜೋಡಣೆ ಹಾಕಬಹುದು, ವೆಲ್ಡಿಂಗ್ ಬೇಡ.

ಹೋಸ್‌ಗೆ ತಿರುಪಿನ ಜುಬಿಲಿ ಕ್ಲಿಪ್ ಹಾಕುವ ಆಸೆ ಬಿಡಿ. ಹೊಸ ಹೋಸ್ ತನ್ನಿ, ಇಲ್ಲವೇ ಹಳೆಯ ಅಲ್ಯೂಮಿನಿಯಂ ತುದಿಗಳನ್ನು ಉಳಿಸಿಕೊಂಡು ಬ್ಯಾರಿಯರ್ ಹೋಸ್‌ಗೆ ಹೈಡ್ರಾಲಿಕ್ ಯಂತ್ರದಲ್ಲಿ ಹೊಸದಾಗಿ ಕ್ರಿಂಪ್ ಮಾಡಿಸಿ. ಸಾಮಾನ್ಯ ರಬ್ಬರ್ ಹೋಸ್‌ನ ಗೋಡೆಯ ಮೂಲಕವೇ ಗ್ಯಾಸ್ ನುಸುಳುತ್ತೆ, ಬ್ಯಾರಿಯರ್ ಹೋಸ್‌ನೊಳಗೆ ಅದನ್ನು ತಡೆಯುವ ನೈಲಾನ್ ಪದರ ಇರುತ್ತೆ.

ಬಿಚ್ಚಿದ ಪ್ರತಿ ಜಾಯಿಂಟ್‌ಗೂ ಹೊಸ ಎಚ್‌ಎನ್‌ಬಿಆರ್ (ಎಸಿಗೆ ಹೊಂದುವ ರಬ್ಬರ್) ಓ-ರಿಂಗ್. ಹಸಿರು ಬಣ್ಣ ನೋಡಿ ನಂಬಬೇಡಿ, ಬಣ್ಣಕ್ಕೆ ಮಾನಕ ಇಲ್ಲ, ಭಾಗದ ಸಂಖ್ಯೆ ನೋಡಿ. ಓ-ರಿಂಗ್‌ಗೂ ಥ್ರೆಡ್‌ಗೂ ಮಿನರಲ್ ಎಣ್ಣೆಯ ತೆಳು ಲೇಪ ಸಾಕು. ಕಂಪ್ರೆಸರ್‌ಗೆ ಹಾಕುವ ಪಿಎಜಿ ಎಣ್ಣೆ ಗಾಳಿಯ ತೇವ ಹೀರುತ್ತೆ, ಥ್ರೆಡ್‌ಗೆ ಹಚ್ಚಿದರೆ ಮುಂದಿನ ಸಲ ಬಿಚ್ಚುವವರಿಗೆ ಇದೇ ಬಿಳಿ ತುಕ್ಕು ಕಾದಿರುತ್ತೆ. ಹೊಸ ಕಂಡೆನ್ಸರ್‌ನ ಪ್ಲಾಸ್ಟಿಕ್ ಮುಚ್ಚಳಗಳನ್ನು ಪೈಪ್ ಕೈಯಲ್ಲಿ ಹಿಡಿದ ಮೇಲೆ ತೆಗೆಯಿರಿ. ಒಳಗಿನ ತೇವ ಹೀರುವ ಡ್ರೈಯರ್ ಬದಲಿಸಲೇಬೇಕು, ಕೆಲವು ಕಂಡೆನ್ಸರ್‌ಗಳ ಪಕ್ಕದ ಕೊಳವೆಯಲ್ಲೇ ಸೇರಿಕೊಂಡಿರುತ್ತೆ. ಕಂಡೆನ್ಸರ್, ಡ್ರೈಯರ್‌ಗೆ ಎಷ್ಟು ಎಣ್ಣೆ ಸೇರಿಸಬೇಕು ಅನ್ನೋದು ವರ್ಕ್‌ಶಾಪ್ ಮ್ಯಾನುಯಲ್‌ನ ಕೋಷ್ಟಕದಲ್ಲಿದೆ, ಕಣ್ಣಂದಾಜು ಬೇಡ. ಎಣ್ಣೆಯ ದರ್ಜೆ ಪಿಎಜಿ 46, 100, 150ರಲ್ಲಿ ಯಾವುದು ಅಂತಲೂ ಅಲ್ಲೇ ನೋಡಿ.

ಗ್ಯಾಸ್ ತುಂಬುವ ಮೊದಲು ಲೀಕ್ ಪರೀಕ್ಷೆಗೆ ಒಣ ನೈಟ್ರೋಜನ್, 10 ಬಾರ್, ರೆಗ್ಯುಲೇಟರ್ ಇಲ್ಲದೆ ಸಿಲಿಂಡರ್ ಮುಟ್ಟಬೇಡಿ. ಟೈರ್ ಕಂಪ್ರೆಸರ್ ಗಾಳಿ ಬೇಡ: ತೇವ ಒಳಗೆ ಹೋಗುತ್ತೆ, ಒತ್ತಡದಲ್ಲಿ ಗಾಳಿ ಬೆರೆತ ಆರ್134ಎ ಹೊತ್ತಿಕೊಳ್ಳಲೂಬಹುದು. ಆಮ್ಲಜನಕವಂತೂ ಎಣ್ಣೆ ಜೊತೆ ಸೇರಿದರೆ ಸ್ಫೋಟ. ರಾತ್ರಿಯಿಡೀ ಬಿಟ್ಟು ಬೆಳಿಗ್ಗೆ 9.82 ಬಾರ್ ಕಂಡರೆ ಗಾಬರಿಯಾಗಬೇಡಿ. 30 ಡಿಗ್ರಿಯಲ್ಲಿ ತುಂಬಿದ್ದು 25ಕ್ಕೆ ಇಳಿದರೆ ಬರೀ ತಂಪಿಗೇ 0.18 ಬಾರ್ ಕಮ್ಮಿಯಾಗುತ್ತೆ. ತುಂಬುವಾಗ ಮತ್ತು ನೋಡುವಾಗ ಎರಡೂ ಹೊತ್ತಿನ ತಾಪಮಾನ ಬರೆದಿಡಿ.

ಎಣ್ಣೆಕಲೆ

ನೈಟ್ರೋಜನ್ ಇರುವಾಗಲೇ ಹೊಸ ಕ್ರಿಂಪ್‌ಗೆ ಸೋಪ್ ನೊರೆ ಹಚ್ಚಿ ಹೋಸ್ ಬಗ್ಗಿಸಿ ನೋಡಿ, ಲೀಕ್ ಸಿಕ್ಕಿದ್ದೇ ಹಾಗೆ ತಾನೆ. 95 ಭಾಗ ನೈಟ್ರೋಜನ್, 5 ಭಾಗ ಹೈಡ್ರೋಜನ್ ಇರೋ ಮಿಶ್ರಣ ಸಿಕ್ಕಿದ್ರೆ ಇನ್ನೂ ಒಳ್ಳೇದು, ಆದರೆ ಅದಕ್ಕೆ ಹೈಡ್ರೋಜನ್ ಮೂಸೋ ಸ್ನಿಫರ್ರೇ ಬೇಕು, ಆರ್134ಎದು ನಡೆಯಲ್ಲ.

ಎರಡುಸೀಟು

ಕೊನೆಯದಾಗಿ: ಹೊಸ ಕಂಡೆನ್ಸರ್ ಹಾಕಿದ ಮೇಲೆ ಇದೇ ಗತಿ ಬರದ ಹಾಗೆ ಏನು ಮಾಡಬೇಕು? ಕಾರು ವರ್ಷದಲ್ಲಿ ಮೂರ್ನಾಲ್ಕು ತಿಂಗಳು ನಿಂತೇ ಇರುತ್ತೆ. ಒಂದೆರಡು ಸಲ ಟ್ರ್ಯಾಕ್‌ಗೂ ಹೋಗುತ್ತೆ.

ಬಿಸಿಗಾಳಿ

ನಿಲ್ಲಿಸುವ ತಿಂಗಳುಗಳಿಂದ ಶುರು ಮಾಡೋಣ. ಕಂಪ್ರೆಸರ್ ಶಾಫ್ಟ್ ಸೀಲ್ ಬದುಕುವುದು ಎಣ್ಣೆಯ ಪೊರೆಯ ಮೇಲೆ. ಎಣ್ಣೆ ಓಡಾಡುವುದು ಗ್ಯಾಸ್ ಜೊತೆ. ತಿಂಗಳುಗಟ್ಟಲೆ ನಿಂತರೆ ಆ ಪೊರೆ ಇಳಿದುಹೋಗಿ ಸೀಲ್ ಒಣಗುತ್ತದೆ, ಮೊದಲ ಸ್ಟಾರ್ಟ್‌ನಲ್ಲಿ ಒಣ ಸೀಲ್ ಉಜ್ಜಿ ಗೀರು ಬೀಳುತ್ತದೆ. ಎರಡು ವಾರಕ್ಕೊಮ್ಮೆ ಎಂಜಿನ್ ಬೆಚ್ಚಗಾದ ಮೇಲೆ ಎಸಿ 10 ನಿಮಿಷ ಓಡಿಸಿ, ಚಳಿಗಾಲದಲ್ಲೂ. ತುಂಬಾ ಚಳಿಯಿದ್ದರೆ ಕಾರೇ ಕಂಪ್ರೆಸರನ್ನು ಓಡಲು ಬಿಡುವುದಿಲ್ಲ, ಆಗ ಬಿಸಿಲೇರಿದ ಮೇಲೆ ಪ್ರಯತ್ನಿಸಿ. ತನ್ನದೇ ಕ್ಲಚ್ ಇಲ್ಲದ ಕಂಪ್ರೆಸರ್ ಎಂಜಿನ್ ಜೊತೆ ಸದಾ ತಿರುಗುತ್ತದೆ ನಿಜ, ಆದರೆ ಬಟನ್ ಒತ್ತದಿದ್ದರೆ ಗ್ಯಾಸ್ ಹರಿಯುವುದು ಅತ್ಯಲ್ಪ, ಹಾಗಾಗಿ ಬಟನ್ ಒತ್ತಿಯೇ ಓಡಿಸಿ.

ಎಲೆಯ ವಿಷಯಕ್ಕೆ ಬಂದರೆ, ನಿಮ್ಮ ಕಂಡೆನ್ಸರ್ ಕೊಂದದ್ದು ಕಲ್ಲಲ್ಲ, ಒದ್ದೆ. ಕೊಳೆತ ಎಲೆ ಸ್ಪಂಜಿನಂತೆ ನೀರು ಹಿಡಿದಿಟ್ಟುಕೊಂಡು ತೆಳು ಅಲ್ಯೂಮಿನಿಯಂ ಕೊಳವೆಯನ್ನು ತಿಂಗಳಾನುಗಟ್ಟಲೆ ನೆನೆಸುತ್ತದೆ. ರಸ್ತೆಯ ಉಪ್ಪು ಸೇರಿದರೆ ಇನ್ನೂ ಬೇಗ. ವರ್ಷಕ್ಕೊಮ್ಮೆ, ಎಲೆ ಉದುರಿ ಮುಗಿದ ಮೇಲೆ ಮತ್ತು ಕಾರು ನಿಲ್ಲಿಸುವ ಮೊದಲು, ಬಂಪರ್ ತೆಗೆದು ಕಂಡೆನ್ಸರ್-ರೇಡಿಯೇಟರ್ ನಡುವಿನ ಸಂದು ಖಾಲಿ ಮಾಡಿ. ಬಾಯಿಂದ ಕಾಣುವ ಎಲೆ ತೆಗೆದರೆ ಸಾಲದು, ಹಾನಿ ಮಾಡುವುದು ಹಿಂದೆ ಬಿದ್ದದ್ದು. ಹಿಂದಿನಿಂದ ಮುಂದಕ್ಕೆ ಗಾರ್ಡನ್ ಪೈಪಿನ ಸಾದಾ ನೀರು ಬಿಡಿ. ಪ್ರೆಷರ್ ವಾಷರ್ ಹಿಡಿದರೆ ಫಿನ್‌ಗಳು ಮಲಗುತ್ತವೆ, ಆಮೇಲೆ ಗಾಳಿಯೇ ನುಗ್ಗುವುದಿಲ್ಲ. ಆಮ್ಲದ ವೀಲ್ ಕ್ಲೀನರ್ ಈ ಕಡೆ ಚಿಮ್ಮದಿರಲಿ.

ಟ್ರ್ಯಾಕ್‌ನಲ್ಲಿ ಮುಂದಿನ ಕಾರಿನ ಟೈರ್ ಎಸೆಯುವ ರಬ್ಬರ್ ಉಂಡೆಗಳೂ ಜಲ್ಲಿಯೂ ನೇರ ಆ ಬಾಯಿಗಳಿಗೇ ಬರುತ್ತವೆ. ಬಿಸಿ ರಬ್ಬರ್ ಫಿನ್‌ಗೆ ಮೆತ್ತಿಕೊಂಡಿದ್ದರೆ ಮನೆಗೆ ಬಂದು ತಣ್ಣಗಾದ ಮೇಲೆ ಕೈಯಿಂದ ಬಿಡಿಸಿ, ಚೂಪಾದದ್ದೇನೂ ಬಳಸಬೇಡಿ. ಹೊಟ್ಟೆಯಡಿಯ ತಟ್ಟೆ ತೆಗೆದಾಗಲೆಲ್ಲ ಉದ್ದದ ಪೈಪನ್ನು ಹಿಡಿದಿರುವ ಕ್ಲ್ಯಾಂಪ್‌ಗಳ ರಬ್ಬರ್ ನೋಡಿ. ರಬ್ಬರ್ ಸವೆದು ಸ್ಟೀಲ್ ಪಟ್ಟಿ ಅಲ್ಯೂಮಿನಿಯಂಗೆ ತಾಗಿದರೆ ಒಂದು ಕಡೆ ಉಜ್ಜಾಟ, ಇನ್ನೊಂದು ಕಡೆ ಎರಡು ಲೋಹಗಳ ನಡುವಿನ ತುಕ್ಕು. ಆ ತೂತು ಕ್ಲ್ಯಾಂಪ್ ಅಡಿಯಲ್ಲೇ ಅಡಗಿರುವುದರಿಂದ ಕಣ್ಣಿಗೂ ಬೀಳುವುದಿಲ್ಲ. ಎಕ್ಸಾಸ್ಟ್ ಹತ್ತಿರದ ಹೋಸ್‌ಗೆ ಬಿಸಿತಡೆ ತೋಳು ಹಾಕಿ. ಮತ್ತೆ ಎಂಜಿನ್ ಇಳಿಸುವ ಕೆಲಸ ಬಂದರೆ, ಕಂಪ್ರೆಸರನ್ನು ಪಟ್ಟಿಯಿಂದ ಕಾರಿನ ಮೈಗೆ ಕಟ್ಟಬೇಕು, ಹೋಸ್ ಮೇಲೆ ಭಾರ ಬೀಳಬಾರದು ಎಂದು ಜಾಬ್ ಕಾರ್ಡ್‌ನಲ್ಲಿ ಬರೆಸಿ.

ಬಾಯಿಗಳಿಗೆ ಜಾಲರಿ ಹಾಕುವುದು ಒಳ್ಳೆಯದೇ. 5-6 ಮಿ.ಮೀ. ಕಣ್ಣಿನ, ತೆಳು ತಂತಿಯ ಸ್ಟೇನ್‌ಲೆಸ್ ಜಾಲರಿ ತನ್ನಿ, ಇನ್ನೂ ಸಣ್ಣ ಕಣ್ಣಾದರೆ ಗಾಳಿಗೇ ಅಡ್ಡಿ. ಹಾಕಿದ ಮೇಲೆ ಬಿಸಿಲಲ್ಲಿ ಎಸಿ ಆನ್ ಮಾಡಿ ನಿಲ್ಲಿಸಿ, ಹೈ-ಸೈಡ್ ಗೇಜ್ ಮತ್ತು ಕೂಲಂಟ್ ತಾಪಮಾನ ಮೊದಲಿನಷ್ಟೇ ಇವೆಯೇ ನೋಡಿ. ಅದನ್ನು ಬಂಪರ್‌ನ ಪ್ಲಾಸ್ಟಿಕ್‌ಗೆ ಕಟ್ಟಿ, ಕಂಡೆನ್ಸರ್‌ಗೆ ಒರಗಿಸಬೇಡಿ. ಸ್ಟೇನ್‌ಲೆಸ್ ತಂತಿ ಒದ್ದೆ ಅಲ್ಯೂಮಿನಿಯಂಗೆ ತಾಗಿಕೊಂಡಿದ್ದರೆ ಎಲೆ ಮಾಡುತ್ತಿದ್ದ ಕೆಲಸವನ್ನು ಜಾಲರಿಯೇ ಮುಂದುವರಿಸುತ್ತದೆ.